ಡ್ರಮ್ಮಿನ ನೀರು

ಈ ಬಾರಿ ಕಾಫಿ ಹೂ ಅರಳಿಸುವ ಹೂಮಳೆ ತಡವಾಗಿ ಬಾವಿಯ ತಳ ಕಂಡಿದ್ದರಿಂದ, ನಮ್ಮ ತೋಟದ ಕಾರ್ಮಿಕರ ಲೈನ್‌ಮನೆಗಳ ಮುಂದೆ ನೀರು ತುಂಬಿಟ್ಟ ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿವೆ. ಬೆಳಿಗ್ಗೆ ಒಂದರೊಳಗೆ ಬಗ್ಗಿ ನೋಡಿದಾಗ, ತಲೆಕೆಳಗಾಗಿ ತೂಗಿಕೊಂಡಿದ್ದ ಸೊಳ್ಳೆಮರಿಗಳು ನನ್ನ ನೆರಳು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿದವು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಸಾಕು. ಹಾಗಾಗಿ ಮಳೆಯಂತೆ ನೀರಿನ ಅಭಾವವೂ ಈ ಜ್ವರವನ್ನು ಹೆಚ್ಚಿಸುತ್ತದೆ. ಸೆಕೆ ಏರಿದಂತೆ ಸೊಳ್ಳೆಯ ದೇಹದೊಳಗೆ ವೈರಸ್ ಬೇಗ ಬಲಿಯುವುದರಿಂದ, ಚಳಿಯೇ ಕಾವಲಾಗಿದ್ದ ಬೆಟ್ಟದ ಊರುಗಳಿಗೂ ಈಗ ಆ ರಕ್ಷಣೆ ತೆಳುವಾಗುತ್ತಿದೆ. 1970ಕ್ಕೆ ಮುನ್ನ ತೀವ್ರ ಡೆಂಗಿಯ ಹಾವಳಿ ಕಂಡಿದ್ದು 9 ದೇಶಗಳು ಮಾತ್ರ. ಇಂದು 100ಕ್ಕೂ ಹೆಚ್ಚು ದೇಶಗಳಲ್ಲಿ ಡೆಂಗಿ ನೆಲೆಯೂರಿದೆ. ನೀರು ಹಿಡಿದಿಡಬೇಡಿ ಎಂದು ಆ ಮನೆಯವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಡ್ರಮ್ಮುಗಳನ್ನು ಉಜ್ಜಿ ತೊಳೆದು, ಹಳೆಯ ಪಂಚೆ ಹರಿದು ಬಾಯಿಗೆ ಬಿಗಿಯಾಗಿ ಕಟ್ಟಿಕೊಟ್ಟು ಬಂದೆ.