ಲ್ಯಾಬ್ ಪೀರಿಯಡ್ ಕಿತ್ಕೊಳ್ಳಬೇಡಿ

ಓದು ಬರಹದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಸ್ಕೂಲಿನಲ್ಲಿ ವಿಶೇಷ ತರಗತಿ ಹಾಕಬೇಕು ಅಂದ ತಕ್ಷಣ ಟೈಮ್‌ಟೇಬಲ್ ಹಿಡಿದು ಕೂರುತ್ತಾರೆ. ಗಣಿತದವರು ಪೀರಿಯಡ್ ಬಿಡಲ್ಲ, ಇಂಗ್ಲಿಷಿನವರು ಬಿಡಲ್ಲ. ಕೊನೆಗೆ ಹೋಗೋದು ಡ್ರಾಯಿಂಗು, ಪಿಟಿ, ಸೈನ್ಸ್ ಲ್ಯಾಬು. ತುಂಬಾ ಜಾಣನಾಗಿದ್ದೂ ಡಿಸ್ಲೆಕ್ಸಿಯಾ, ಅಂದ್ರೆ ಅಕ್ಷರ ಓದೋದು ಬರೆಯೋದೇ ಕಷ್ಟವಾಗುವ ತೊಂದರೆ, ಇರುವ ಮಗುವಿಗೆ ಇಡೀ ವಾರದಲ್ಲಿ ತಲೆ ಎತ್ತಿ ಕೂರೋಕೆ ಇರೋದೇ ಆ ಒಂದು ಪೀರಿಯಡ್ಡು, ಅಲ್ವಾ?

ನಾನು ಸ್ಪೆಷಲ್ ಎಜುಕೇಟರ್, ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳಿಗೆ ಕಲಿಸುವವಳು. ಇಂಥ ಮಕ್ಕಳು ಸಾಮಾನ್ಯವಾಗಿ ನನ್ನ ಹತ್ತಿರ ಬರೋದೇ ತಡವಾಗಿ, ಏಳನೇ ಕ್ಲಾಸಿಗೋ ಎಂಟನೇ ಕ್ಲಾಸಿಗೋ.

ಒಬ್ಬ ಹುಡುಗನ ಉತ್ತರ ಪತ್ರಿಕೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀರಿನ ಮೇಲೆ ಐಸು ಯಾಕೆ ತೇಲುತ್ತದೆ ಅಂತ ಪ್ರಶ್ನೆ, ಎರಡು ಅಂಕ. ಇವನು ಬರೆದಿದ್ದು 'ಸಾದ್ರಂತೆ ಕಮಿ ಅದಕೆ', ಅಷ್ಟೇ. ಕೆಂಪು ಪೆನ್ನಿನ ಸುತ್ತು, ಅರ್ಧ ಅಂಕ. ಬಾಯಲ್ಲಿ ಹೇಳು ಅಂದೆ. ನೀರು ಗಟ್ಟಿಯಾದಾಗ ಹಿಗ್ಗುತ್ತೆ, ಅಷ್ಟೇ ತೂಕ ಜಾಸ್ತಿ ಜಾಗ ತಗೊಳ್ಳುತ್ತೆ, ಅದಕ್ಕೇ ತೇಲುತ್ತೆ ಅಂದ. ಅಲ್ಲಿಗೇ ನಿಲ್ಲಿಸಲಿಲ್ಲ. 'ಚಳಿ ದೇಶದಲ್ಲಿ ಕೆರೆ ಮೇಲಿಂದ ಹೆಪ್ಪುಗಟ್ಟುತ್ತೆ ಮಿಸ್, ಕೆಳಗಿಂದ ಆಗಿದ್ರೆ ಮೀನೆಲ್ಲ ಸತ್ತೇ ಹೋಗ್ತಿತ್ತು' ಅಂದ. ಅದು ಪಾಠದಲ್ಲಿ ಇರಲಿಲ್ಲ.

ಇಂಥವರು ಕಣ್ಣಿಗೆ ಬೀಳದೇ ಇರೋದಕ್ಕೆ ಕಾರಣ ಇದೆ. ಜಾಣತನ ತೊಂದರೆಯನ್ನು ಮುಚ್ಚುತ್ತದೆ, ತೊಂದರೆ ಜಾಣತನವನ್ನು ಮುಚ್ಚುತ್ತದೆ, ಉಳಿಯೋದು ಐವತ್ತು ಚಿಲ್ಲರೆ ಅಂಕ ಮತ್ತು 'ಸೋಮಾರಿ' ಅನ್ನೋ ಹೆಸರು. ಟೆಸ್ಟ್ ಮಾಡಿಸಿದರೂ ಸುಲಭವಿಲ್ಲ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಗುರುತಿಸುವಾಗ ಮಗು ತನ್ನ ತರಗತಿಗಿಂತ ಎರಡು ತರಗತಿ ಹಿಂದಿದೆಯಾ ಅಂತ ನೋಡುವ ರೂಢಿ ಇದೆ. ಜಾಣ ಮಗು ಊಹೆ ಮಾಡಿ, ನೆನಪಿನ ಮೇಲೆ, ಹೇಗೋ ಒಂದೇ ತರಗತಿಯಷ್ಟು ಹಿಂದೆ ಉಳಿದುಕೊಂಡಿರುತ್ತದೆ. ಐಕ್ಯೂ ರಿಪೋರ್ಟಿನಲ್ಲೂ ಬರೀ ಕೊನೆಯ ಅಂಕಿ ನೋಡಬೇಡಿ. ಬ್ಲಾಕ್ ಜೋಡಿಸೋದರಲ್ಲಿ ಮುಗಿಲು ಮುಟ್ಟಿ, ಕೇಳಿದ ಅಂಕಿಗಳನ್ನು ಹಿಂದುಮುಂದಾಗಿ ಹೇಳೋದರಲ್ಲಿ ನೆಲಕಚ್ಚಿದ ಮಗುವಿನ ಸರಾಸರಿ 'ಸಾಮಾನ್ಯ' ಅಂತಲೇ ಬರುತ್ತದೆ. ಒಳಗಿನ ಪುಟ ತಿರುಗಿಸಿ, ಏರಿಳಿತ ಅಲ್ಲಿರುತ್ತೆ.

ಕನ್ನಡದ ಮಾತೂ ಬಂತು. ಬರೆದ ಹಾಗೇ ಓದುವ ಭಾಷೆ, ಇದರಲ್ಲಿ ಏನು ಕಷ್ಟ ಅಂತಾರೆ. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಸೇರಿದರೆ ನೂರಾರು ಅಕ್ಷರ ರೂಪಗಳು. ಏನೂ ತೊಂದರೆ ಇಲ್ಲದ ಮಕ್ಕಳಿಗೇ ಅವು ಕೈಗೆ ಹತ್ತೋಕೆ ವರ್ಷಗಳು ಬೇಕು.

'ಇವನಿಗೆ ಎಕ್ಸ್‌ಟ್ರಾ ಟೈಮ್ ಕೊಟ್ಟರೆ ಉಳಿದವರಿಗೆ ಅನ್ಯಾಯ ಅಲ್ವಾ?' ಸ್ಟಾಫ್‌ರೂಮಿನಲ್ಲಿ ಕೇಳಿ ಕೇಳಿ ಸಾಕಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿರುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡೋಕೆ ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಎಲ್ಲ ಅದರ 17ನೇ ಸೆಕ್ಷನ್ನಿನಲ್ಲೇ ಇದೆ. ಸಿಬಿಎಸ್‌ಇಯಲ್ಲಿ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಯಾರ ದಯೆಯೂ ಅಲ್ಲ ಇದು.

ಆ ಹುಡುಗನಿಗೆ ನಾವು ಮಾಡಿದ್ದು ದೊಡ್ಡದೇನಲ್ಲ. ಬೋರ್ಡಿನಿಂದ ಕಾಪಿ ಮಾಡಿಸೋದು ನಿಲ್ಲಿಸಿ ನೋಟ್ಸ್ ಪ್ರಿಂಟ್ ಕೊಟ್ಟೆವು. ಎಲ್ಲರ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸಲಿಲ್ಲ. ವಿಜ್ಞಾನದಲ್ಲಿ ಕಾಗುಣಿತಕ್ಕೆ ಅಂಕ ಕಳೆಯಲಿಲ್ಲ, ಕಿರುಪರೀಕ್ಷೆ ಬಾಯಲ್ಲೇ. ಜೊತೆಗೆ ಅವನ ಮಟ್ಟಕ್ಕೆ ಕಷ್ಟದ ಸರ್ಕ್ಯೂಟ್ ಲೆಕ್ಕಗಳನ್ನೂ ಕೊಟ್ಟೆವು. ಇದನ್ನು ಮಾತ್ರ ಜನ ಮರೆತುಬಿಡುತ್ತಾರೆ. ಓದೋಕೆ ಬರಲ್ಲ ಅಂತ ಯೋಚನೆ ಮಾಡೋ ಕೆಲಸವನ್ನೂ ಸುಲಭ ಮಾಡಿಬಿಟ್ಟರೆ ಅವನಿಗೆ ಸ್ಕೂಲೇ ಬೇಜಾರು.

ವಿಶೇಷ ತರಗತಿಗೆ ಸಮಯ ಎಲ್ಲಿಂದ ಅಂತೀರಾ? ಮೂರನೇ ಭಾಷೆಯ ವಿನಾಯಿತಿ ಸಿಕ್ಕಿದ ಮೇಲೂ ಮಗು ಸುಮ್ನೆ ಹಿಂದಿನ ಬೆಂಚಲ್ಲಿ ಕೂತಿರುತ್ತದೆ. ಆ ಪೀರಿಯಡ್ ತಗೊಳ್ಳಿ. ವಿನಾಯಿತಿಗೆ ನ್ಯೂನತೆಯ ಸರ್ಟಿಫಿಕೇಟ್ ಬೇಕು, ಓಡಾಟ ಇದೆ, ಸರದಿ ಕಾಯಬೇಕು. ಹಾಗಾಗಿ ಹತ್ತನೇ ಕ್ಲಾಸ್ ಬರಲಿ ಅಂತ ಕೂರದೆ ಈ ವರ್ಷವೇ ಅರ್ಜಿ ಹಾಕಿ, ಒಂದು ಜೆರಾಕ್ಸ್ ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ.