ಕಮರಿಯ ತಳದ ನೀರು: ಡಾಕಿಂಗ್ ಯೋಜನೆ ಎಲ್ಲಿಗೆ ಬಂತು

ಅಣುವೊಂದು ಪ್ರೋಟೀನಿನೊಳಗೆ ಹೇಗೆ ಕೂರುತ್ತದೆಂದು ಕಂಪ್ಯೂಟರಿನಲ್ಲಿ ಊಹಿಸುವ ಡಾಕಿಂಗ್‌ನಲ್ಲಿ, ಅಲ್ಝೈಮರ್ಸ್ ಔಷಧವಾದ ಡೊನೆಪೆಜಿಲ್ ಕೊನೆಗೂ ತಲೆಕೆಳಗಾಗದೆ, ಎಕ್ಸ್-ರೇ ಪ್ರಯೋಗದಿಂದ ತಿಳಿದ ಹರಳು ರಚನೆಯಲ್ಲಿ ಕಾಣುವಂತೆಯೇ, ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವದ ಕಮರಿಯೊಳಗೆ, ಅಂದರೆ ಅದರ ಆಳವಾದ ಇಕ್ಕಟ್ಟು ಸೀಳಿನೊಳಗೆ, ಕುಳಿತಿದೆ. ಪ್ರೋಟೀನನ್ನು ಸಿದ್ಧಪಡಿಸುವುದು, ಹುಡುಕಬೇಕಾದ ಜಾಗದ ಸುತ್ತ ಗ್ರಿಡ್ ಪೆಟ್ಟಿಗೆ ಹಾಕುವುದು ಇತ್ಯಾದಿಗಳು ಎಲ್ಲರಿಗೂ ತಿಳಿದ ಕೆಲಸಗಳಾದ್ದರಿಂದ ಅವನ್ನು ಬಿಟ್ಟು, ಯೋಜನೆಯನ್ನು ಇಷ್ಟು ಕಾಲ ತಡೆದು ನಿಲ್ಲಿಸಿದ್ದ ತೊಡಕಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಈ ಕಿಣ್ವವನ್ನು ಆರಿಸಿದ್ದಕ್ಕೆ ಕಾರಣವಿದೆ. 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡೊನೆಪೆಜಿಲ್, ನರಕೋಶಗಳ ನಡುವೆ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಅನ್ನು ಈ ಕಿಣ್ವ ಒಡೆಯುವುದನ್ನು ತಡೆದು ಅಲ್ಝೈಮರ್ಸ್ ರೋಗಿಯ ನೆನಪಿಗೆ ಕೆಲಕಾಲ ಆಸರೆಯಾಗುತ್ತದೆಯೇ ಹೊರತು ನರಕೋಶಗಳು ಸಾಯುವುದನ್ನು ನಿಲ್ಲಿಸುವುದಿಲ್ಲ. ಆದರೆ ಇದೇ ಕಿಣ್ವ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್-ಬೀಟಾ ಎಂಬ ಪ್ರೋಟೀನ್ ತುಣುಕು ಎಳೆಗಟ್ಟುವುದನ್ನು ಚುರುಕುಗೊಳಿಸುತ್ತದೆ ಎಂದೂ, ಅದರಲ್ಲಿ ಕಮರಿಯ ಬಾಯಿಯ ಬಳಿಯಿರುವ ಹೊರ ತಾಣದ ಪಾತ್ರವಿದೆ ಎಂದೂ ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ತಳವನ್ನೂ ಬಾಯಿಯನ್ನೂ ಒಟ್ಟಿಗೆ ಹಿಡಿದಿಡುವ ಅಣು ಸಿಕ್ಕರೆ ಅದು ರೋಗದ ನಡಿಗೆಯನ್ನೇ ನಿಧಾನಗೊಳಿಸಬಹುದೆಂಬ ಆಸೆಯೇ ಈ ಹುಡುಕಾಟದ ಮೂಲ.

ಹೊಸ ಅಣುಗಳನ್ನು ನಂಬುವ ಮೊದಲು ಗೊತ್ತಿರುವ ಅಣುವನ್ನು ಗೊತ್ತಿರುವ ಜಾಗಕ್ಕೆ ಮರಳಿ ಕೂರಿಸಿ ತೋರಿಸಬೇಕು. 2012ರಲ್ಲಿ ಪ್ರಕಟವಾದ ಮಾನವ ಕಿಣ್ವದ ರಚನೆಯಲ್ಲಿ (ರಚನೆಗಳ ಸಂಗ್ರಹದಲ್ಲಿ ಅದರ ಸಂಕೇತ 4ಇವೈ7) ಡೊನೆಪೆಜಿಲ್‌ನ ಒಂದು ತುದಿಯ ಬೆಂಜೈಲ್ ಉಂಗುರ ತಳದ ಟ್ರಿಪ್ಟೊಫಾನ್ 86ರ (ಕಿಣ್ವದ ಸರಪಳಿಯ 86ನೇ ಅಮೈನೋ ಆಮ್ಲದ) ಮೇಲೂ, ಇನ್ನೊಂದು ತುದಿಯ ಇಂಡನೋನ್ ಭಾಗ ಬಾಯಿಯ ಬಳಿಯ ಟ್ರಿಪ್ಟೊಫಾನ್ 286ರ ಮೇಲೂ ಒರಗಿಕೊಂಡಿವೆ. ಡಾಕಿಂಗ್ ಮಾಡುವ ತಂತ್ರಾಂಶ ವೀನಾ ಮಾತ್ರ ಪ್ರತಿ ಸಲವೂ ಅಣುವನ್ನು ತಿರುಗಿಸಿ, ಇಂಡನೋನನ್ನು ತಳಕ್ಕೆ ತಳ್ಳಿ, ಆ ಭಂಗಿಗೇ ಅತ್ಯುತ್ತಮ ಅಂಕ ಕೊಡುತ್ತಿತ್ತು. ಹುಡುಕಾಟದ ಆಳವನ್ನು ಹೆಚ್ಚಿಸಿದಷ್ಟೂ ಅದೇ ತಪ್ಪು ಭಂಗಿ ಇನ್ನಷ್ಟು ದೃಢವಾಗಿ ಮರಳುತ್ತಿತ್ತು!

ಮೊದಲ ಅನುಮಾನ ಹೋದದ್ದು ಅಣುವಿನ ಕಡತದ ಮೇಲೆ, ಮತ್ತು ಆ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಅಣು ಸಂಗ್ರಹವನ್ನು ಒದಗಿಸುವವರು ಕಳಿಸಿದ ಕಡತದಲ್ಲಿ ಕೈರಲ್ ಕೇಂದ್ರಕ್ಕೆ (ಅಣುವಿಗೆ ಎಡಗೈ-ಬಲಗೈಯಂತೆ ಎರಡು ಕನ್ನಡಿ ರೂಪಗಳನ್ನು ಕೊಡುವ ಪರಮಾಣುವಿಗೆ) ಗುರುತೇ ಇರಲಿಲ್ಲ, ಪೈಪೆರಿಡೀನ್ ಉಂಗುರದ ಸಾರಜನಕಕ್ಕೆ ಪ್ರೋಟಾನ್ ಇರಲಿಲ್ಲ, ಉಂಗುರವೂ ದೋಣಿಯ ಆಕಾರದಲ್ಲಿ ಬಾಗಿತ್ತು. ವೀನಾ ಉಂಗುರಗಳನ್ನು ತಾನಾಗಿ ಬಾಗಿಸುವುದಿಲ್ಲವಾದ್ದರಿಂದ ಕೆಟ್ಟ ಉಂಗುರ ಕೊನೆಯವರೆಗೂ ಕೆಟ್ಟದಾಗಿಯೇ ಉಳಿಯುತ್ತದೆ. ಡೊನೆಪೆಜಿಲ್ ಎರಡೂ ಕೈರಲ್ ರೂಪಗಳ ಮಿಶ್ರಣವಾಗಿಯೇ ಮಾರಾಟವಾಗುತ್ತದೆ ಎಂಬುದು ನಿಜ. ಆದರೆ ಡಾಕಿಂಗ್‌ಗೆಂದೇ ಸಿದ್ಧಪಡಿಸಿದ್ದೆಂದು ಹೇಳಿಕೊಂಡು ಕಡತ ಕೊಡುವವರು ಇಷ್ಟನ್ನಾದರೂ ನೋಡಿ ಕೊಡಬೇಕು ಎಂದು ಕೇಳುವುದು ಅತಿಯಾಯಿತೇ? ಎಲ್ಲವನ್ನೂ ಸರಿಪಡಿಸಿದ ಮೇಲೆ ಅಂಕಗಳು ಬದಲಾದವು, ಭಂಗಿ ಬದಲಾಗಲಿಲ್ಲ.

ಉತ್ತರ ಸಿಕ್ಕಿದ್ದು ಹಳೆಯ ರಚನೆಯೊಂದರಲ್ಲಿ. ಟಾರ್ಪಿಡೊ ಮೀನಿನ ಕಿಣ್ವದೊಳಗೆ ಡೊನೆಪೆಜಿಲ್ ಕುಳಿತ ಬಗೆಯನ್ನು 1999ರಲ್ಲಿ ವಿವರಿಸಿದವರು, ಈ ಅಣು ಕಿಣ್ವದ ತಳದಲ್ಲಿ ಒಡೆಯುವ ಕೆಲಸ ಮಾಡುವ ಭಾಗಗಳಾದ ವೇಗವರ್ಧಕ ತ್ರಯವನ್ನಾಗಲಿ ಆಕ್ಸಿಆನಯಾನ್ ಕುಳಿಯನ್ನಾಗಲಿ ನೇರವಾಗಿ ಮುಟ್ಟುವುದಿಲ್ಲ, ನಡುವೆ ನಿಂತ ನೀರಿನ ಅಣುಗಳ ಮೂಲಕವೇ ತಲುಪುತ್ತದೆ ಎಂದು ಆಗಲೇ ಹೇಳಿದ್ದರು. ನೀರನ್ನೆಲ್ಲ ಅಳಿಸಿ ಕೆಲಸ ಆರಂಭಿಸುವುದು ನಮ್ಮೆಲ್ಲರ ರೂಢಿ. ಅಳಿಸಿದ ಕೂಡಲೇ ತಳದಲ್ಲಿ ನಿಜದಲ್ಲಿ ಇಲ್ಲದ ಖಾಲಿ ಜಾಗ ಹುಟ್ಟುತ್ತದೆ, ಇಂಡನೋನ್‌ನ ಮೆಥಾಕ್ಸಿ ಗುಂಪುಗಳು ಅಲ್ಲಿಗೆ ನುಗ್ಗುತ್ತವೆ. ಹಾಗೆಂದು ಎಲ್ಲ ನೀರನ್ನೂ ಉಳಿಸಿಕೊಂಡರೆ ಕಮರಿಯೇ ಮುಚ್ಚಿಹೋಗಿ ಹೊಸ ಅಣುಗಳಿಗೆ ದಾರಿಯಿರುವುದಿಲ್ಲ. ಆದ್ದರಿಂದ ಗ್ಯಾಲಂಟಮೀನ್, ಹ್ಯೂಪರ್ಜೀನ್-ಎ ಮುಂತಾದ ಬೇರೆ ಅಣುಗಳಿರುವ ರಚನೆಗಳನ್ನೂ ಏನೂ ಇಲ್ಲದ ರಚನೆಗಳನ್ನೂ ಒಂದರ ಮೇಲೊಂದು ಹೊಂದಿಸಿ, ಎಲ್ಲದರಲ್ಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಕಡಿಮೆ ಬಿ-ಫ್ಯಾಕ್ಟರ್‌ನೊಂದಿಗೆ, ಅಂದರೆ ಹೆಚ್ಚು ಅಲುಗಾಡದೆ, ನಿಂತಿರುವ ನೀರನ್ನು ಮಾತ್ರ ಉಳಿಸಿಕೊಂಡೆ. ವೀನಾ ಅಂಕ ಕೊಡುವಾಗ ಹೈಡ್ರೋಜನ್‌ಗಳ ದಿಕ್ಕನ್ನು ಲೆಕ್ಕಿಸುವುದಿಲ್ಲವಾದ್ದರಿಂದ ಆ ನೀರನ್ನು ಯಾವ ಕಡೆಗೆ ತಿರುಗಿಸಿಡಬೇಕೆಂಬ ಜಗಳವೂ ಇರಲಿಲ್ಲ. ಮೊದಲ ಸ್ಥಾನದ ಭಂಗಿ ಈಗ ಹರಳಿನ ಭಂಗಿಯಿಂದ ಸುಮಾರು ಒಂದು ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಮಾತ್ರ ದೂರದಲ್ಲಿದೆ; ಎಲ್ಲರೂ ಒಪ್ಪುವ ಮಿತಿ ಎರಡು.

ಇದರ ಪರಿಣಾಮ, ಅಂಕಗಳ ಪ್ರಕಾರ ಜೋಡಿಸಿದ ಹೊಸ ಅಣುಗಳ ಪಟ್ಟಿಯ ಮೇಲೂ ಆಗಿದೆ. ಹಿಂದೆ ಮೇಲಿದ್ದ ಅಣುಗಳಲ್ಲಿ ಬಹುಪಾಲು ಕೆಳಗಿಳಿದಿವೆ, ಏಕೆಂದರೆ ಅವುಗಳ ಅಂಕವೆಲ್ಲ ನೀರಿನ ಜಾಗವನ್ನು ಆಕ್ರಮಿಸಿ ಗಳಿಸಿದ್ದಾಗಿತ್ತು. ನೀರನ್ನು ಹೊರದೂಡಿ ನಿಜವಾಗಿಯೂ ಲಾಭ ಪಡೆಯುವ ಅಣುಗಳೂ ಇರುತ್ತವೆ. ಆ ಹೊರದೂಡುವಿಕೆಯ ಬೆಲೆಯನ್ನು ವೀನಾ ಹೇಳುವುದಿಲ್ಲವಾದ್ದರಿಂದ ಅಂಥವುಗಳನ್ನು ತಿರಸ್ಕರಿಸದೆ ಬೇರೆಯಾಗಿ ಇಟ್ಟಿದ್ದೇನೆ.

ಇದೇ ವಿಧಾನವನ್ನು ಅಮಿಲಾಯ್ಡ್-ಬೀಟಾ ಹುಟ್ಟಲು ಕಾರಣವಾಗುವ ಕಿಣ್ವ ಬೀಟಾ-ಸೀಕ್ರಿಟೇಸ್‌ಗೆ ಅನ್ವಯಿಸುವ ಯೋಚನೆ ಈಗಲೇ ತಲೆಯೊಳಗೆ ಕುಳಿತಿದೆ. ಅದನ್ನು ತಡೆಯುವ ವೆರುಬೆಸೆಸ್ಟಾಟ್‌ನಂಥ ಅಣುಗಳು ಅಮಿಲಾಯ್ಡನ್ನು ಚೆನ್ನಾಗಿ ಇಳಿಸಿದರೂ ರೋಗಿಗಳ ನೆನಪನ್ನು ಉಳಿಸದೆ ಸೋತವು ಎಂಬುದು ಈ ಕ್ಷೇತ್ರದ ದೊಡ್ಡ ನೋವು. ಆದರೆ 2012ರಲ್ಲಿ ಐಸ್‌ಲ್ಯಾಂಡ್‌ನಲ್ಲಿ ಗುರುತಿಸಿದ, ರೋಗದಿಂದ ಕಾಪಾಡುವ ಜೀನ್ ರೂಪಾಂತರವು ಅಮಿಲಾಯ್ಡ್ ಉತ್ಪತ್ತಿಯನ್ನು ಜೀವಕೋಶಗಳಲ್ಲಿ ಸುಮಾರು 40%ರಷ್ಟು ಮಾತ್ರ ತಗ್ಗಿಸುತ್ತದೆ. ಪೂರ್ತಿ ತಡೆಯುವ ಅಣುವಿಗಿಂತ ಮೆಲ್ಲಗೆ, ಬಹಳ ಮೊದಲೇ ತಡೆಯುವ ಅಣುವನ್ನು ಹುಡುಕಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದಕ್ಕೂ ಮೊದಲು ಇಲ್ಲಿ ಕಮರಿಯೊಳಗಿನ ಅಮೈನೋ ಆಮ್ಲ ಟೈರೋಸಿನ್ 337 ಬಾಕಿಯಿದೆ. ಒಳಗಿರುವ ಅಣುವಿಗೆ ತಕ್ಕಂತೆ ಅದರ ಪಾರ್ಶ್ವ ಸರಪಳಿ ಹೊರಳುತ್ತದೆ, ಒಂದೇ ಗಟ್ಟಿ ಪ್ರೋಟೀನಿನಲ್ಲಿ ಅದು ಸೆರೆಸಿಗುವುದಿಲ್ಲ. ಪಟ್ಟಿಯಲ್ಲಿ ಉಳಿದ ಅಣುಗಳನ್ನು ಈ ವಾರ ಅದರ ಬೇರೆ ಬೇರೆ ಭಂಗಿಗಳಿರುವ ರಚನೆಗಳಲ್ಲಿ ಒಂದೊಂದಾಗಿ ಓಡಿಸುತ್ತಿದ್ದೇನೆ.