ತುಂಡು ನೀಲಿ ಗೆರೆ

ಶನಿವಾರ ನಾನು, ತಮ್ಮ ಹೊರಡುವುದು ಅಂತ ಗೊತ್ತಾಗಿತ್ತು. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಕಾಡುದಾರಿ ಹಿಡಿದು, ಅಲ್ಲೇ ಒಂದು ರಾತ್ರಿ ಮಲಗಿ ಮರುದಿನ ವಾಪಸ್. ಬೈಕ್‌ಪ್ಯಾಕಿಂಗ್ ಅಂದರೆ ಇಷ್ಟೇ. ಒಂದೇ ರಾತ್ರಿ ಅಲ್ವಾ, ತಯಾರಿಗೆ ಒಂದು ಸಂಜೆ ಸಾಕು ಅಂದುಕೊಂಡಿದ್ದೆ.

ಗುರುವಾರ ರಾತ್ರಿ ನಕ್ಷೆ ಹರಡಿಕೊಂಡು ಕೂತೆ. ದಾರಿ 45 ಕಿ.ಮೀ. ಗುಡ್ಡದ ಮೇಲೆ ಸಮತಟ್ಟಾದ ಒಂದು ಜಾಗ, ಪಕ್ಕದಲ್ಲೇ ತೊರೆ. ಟೆಂಟ್ ಇಲ್ಲೇ ಅಂತ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಬಿಟ್ಟೆ. ಮಲಗುವ ಮುಂಚೆ ಸುಮ್ನೆ ಇನ್ನೊಂದು ಸಲ ನೋಡಿದೆ. ಆ ತೊರೆಯ ನೀಲಿ ಗೆರೆ ತುಂಡು ತುಂಡಾಗಿತ್ತು. ಅಂದರೆ ಅದು ವರ್ಷವಿಡೀ ಹರಿಯುವ ತೊರೆಯಲ್ಲ. ನಾವು ಹೊರಟಿದ್ದು ಮಳೆ ಇನ್ನೂ ಶುರುವಾಗದ ಕಾಲದಲ್ಲಿ.

ಎದೆ ಧಸಕ್ಕೆಂದಿತು. ಉಪೋಷ್ಣ ವಲಯದ ಕಾಡಿನಲ್ಲಿ ಬಿಸಿಲಿಗಿಂತ ಗಾಳಿಯ ತೇವವೇ ಹೆಚ್ಚು ಸುಸ್ತು ಮಾಡುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ, ಹಾಗಾಗಿ ಮೈ ತಣಿಯುವುದಿಲ್ಲ. ಏರಿನಲ್ಲಿ ತುಳಿಯುವಾಗ ಗಂಟೆಗೆ ಮುಕ್ಕಾಲು ಲೀಟರ್ ಕುಡಿದರೂ ನನಗೆ ಸಾಲುವುದಿಲ್ಲ. ಐದಾರು ಗಂಟೆಯ ದಾರಿ, ಮೇಲೆ ರಾತ್ರಿಯ ಅಡುಗೆ, ಬೆಳಗಿನ ಬಾಟಲಿ. ಒಬ್ಬೊಬ್ಬರಿಗೂ ಏಳು ಲೀಟರ್ ಬೇಕು. ಅಷ್ಟನ್ನೂ ಹೊತ್ತರೆ ಏಳು ಕಿಲೋ!

"ಅಕ್ಕಾ, ಅಲ್ಲಿ ಒಂದು ಗುಂಡಿಯಲ್ಲಾದರೂ ನೀರು ಇದ್ದೇ ಇರುತ್ತೆ ಬಿಡು," ಅಂದ ತಮ್ಮ. ಇದ್ದರೂ ಇರಬಹುದು. ಆದರೆ ಆ ನಂಬಿಕೆಯ ಮೇಲೆ ಅವನನ್ನು ಕರೆದುಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ. ಸುತ್ತು ಅಳಿಸಿದೆ. 11 ಕಿ.ಮೀ. ಕೆಳಗೆ, ಕಣಿವೆಯಲ್ಲಿ ತುಂಡಾಗದ ನೀಲಿ ಗೆರೆ, ಅಂದರೆ ವರ್ಷವಿಡೀ ಹರಿಯುವ ಹೊಳೆ, ದಾರಿಯನ್ನು ದಾಟುವ ಕಡೆ ಹೊಸ ಸುತ್ತು ಹಾಕಿದೆ. ಮಳೆ ಬಿದ್ದರೆ ಹೊಳೆ ಏರಬಹುದಲ್ಲ, ಅದಕ್ಕೆ ದಂಡೆಯಿಂದ ಸಾಕಷ್ಟು ದೂರ, ಎತ್ತರದಲ್ಲಿ. ಗುಡ್ಡದ ಮೇಲಿನ ಸೂರ್ಯೋದಯ ತಪ್ಪಿತು. ತಮ್ಮ ಮುಖ ಸಣ್ಣ ಮಾಡಿಕೊಂಡ.

ಶುಕ್ರವಾರ ಎಲ್ಲ ಕಟ್ಟಿ ಒಂದು ಸುತ್ತು ಹೊಡೆದೆವು. ನೀರು ಸೀಟಿನ ಹಿಂದಿನ ಚೀಲದಲ್ಲಿತ್ತು. ಪ್ರತಿ ತುಳಿತಕ್ಕೂ ಅದು ಬಾಲದ ಹಾಗೆ ಆಡುತ್ತಿತ್ತು. ನೀರನ್ನು ಫ್ರೇಮಿನ ನಡುವಿನ ಚೀಲಕ್ಕೆ, ಪೆಡಲ್ ಹತ್ತಿರಕ್ಕೆ ಇಳಿಸಿದೆವು. ಹಿಂದಕ್ಕೆ ಹಗುರವಾದ ಬಟ್ಟೆ, ಹ್ಯಾಂಡಲ್‌ಗೆ ಟೆಂಟ್. ಸೈಕಲ್ ನೆಟ್ಟಗಾಯಿತು. ಕ್ಲೋರಿನ್ ಮಾತ್ರೆ ಜೇಬಿಗೇ ಹಾಕಿಕೊಂಡೆ. ಹೊಳೆ ನೀರಿಗೆ ಹಾಕಿ ಅರ್ಧ ಗಂಟೆ ಕಾಯಬೇಕು.

ರಾತ್ರಿ ದಾರಿಯನ್ನೂ ಮಲಗುವ ಜಾಗವನ್ನೂ ಕಾಗದದ ಮೇಲೆ ಬರೆದು ಅಮ್ಮನಿಗೆ ಕೊಟ್ಟೆ. ಭಾನುವಾರ ಸಂಜೆ ಆರರೊಳಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು ಅಂತಲೂ ಬರೆದಿದ್ದೆ. ಅಮ್ಮ ಎರಡು ಸಲ ಓದಿ, ಬಾಗಿಲ ಹಿಂದೆ ಅಂಟಿಸಿದಳು.